ಅಂಬೂಬಾಯಿಯ ಈಜುಕಟ್ಟೆ

೨೦೨೫ರ ಫೆಬ್ರವರಿ ೯, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಭಾಲ್ಕಿಯಲ್ಲಿ ಸಾರಂಗನ ಮೋಟಾರು ರಿಪೇರಿ ಅಂಗಡಿಯ ಹಿಂದಿರುವ ತಗಡಿನ ಶೆಡ್ಡಿನಲ್ಲಿ, ಅವನ ಹೆಂಡತಿ ಮಂಜಿರಿ ಮಂಡಿಯೂರಿ ಕುಳಿತು ಒಂದು ದೋಣಿಯ ಹಿಂಭಾಗವನ್ನು ಮೂಸಿ ನೋಡುತ್ತಿದ್ದಳು.

"ನಾಯಿ ಹಂಗ ಮೂಸ್ಲತ್ತಿದಿ," ಎಂದ ಸಾರಂಗ. "ಇನ್ನ ಕಚ್ಚೋದೊಂದ ಬಾಕಿ ಅದ."

"ಕಚ್ಚೋದೂ ಅದರಿ. ಆ ಬ್ಲೇಡ್ ಇತ್ತ ಕೊಡ್ರಿ."

ದೋಣಿ ಬಂದು ವಾರವಾಗಿತ್ತು. ಗೋವೆಯಲ್ಲಿ ಬಾಗಿಲು ಮುಚ್ಚುತ್ತಿದ್ದ ಹೋಟೆಲೊಂದರಿಂದ ಸಾರಂಗ ಅದನ್ನು ಲಾರಿಯಲ್ಲಿ ಹೇರಿಸಿಕೊಂಡು ತಂದಿದ್ದ. ಕಾರಂಜಾ ಹಿನ್ನೀರಿನಲ್ಲಿ ಜನರನ್ನು ಕೂರಿಸಿಕೊಂಡು ಸುತ್ತಾಡಿಸಲು ಅವನಿಗೆ ಪರವಾನಗಿ ಸಿಕ್ಕಿತ್ತು. ಪಂಪುಗಳ ಮೋಟಾರು ಸುತ್ತಿ ಬೆಳೆದವನು, ಆದ್ದರಿಂದ ಕೊಳ್ಳುವಾಗ ಎಂಜಿನ್ನೊಂದನ್ನೇ ಬಿಚ್ಚಿ ನೋಡಿದ್ದ. ಹಿಂಬದಿಯನ್ನು ನೋಡಿರಲಿಲ್ಲ. ಅಲ್ಲಿ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಏಳು ಹಲಗೆಗಳ ಕಟ್ಟೆಯೊಂದಿತ್ತು. ಈಜುವವರು ಅದರ ಮೇಲೆ ಕುಳಿತು ನೀರಿಗೆ ಇಳಿಯಬೇಕು, ಪಕ್ಕದ ಮಡಚುವ ಏಣಿ ಹಿಡಿದು ಮತ್ತೆ ಅದಕ್ಕೇ ಹತ್ತಬೇಕು. ಮನೆಯವರು ಅದಕ್ಕೆ ಈಜುಕಟ್ಟೆ ಎಂದು ಹೆಸರಿಟ್ಟಿದ್ದರು. ಬಿಸಿಲು ಉಪ್ಪುನೀರು ತಿಂದು ಅದು ಬೂದಿಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಸಿಬಿರೆದ್ದಿತ್ತು.

ಸಾರಂಗನ ಲೆಕ್ಕದಲ್ಲಿ ಇದಕ್ಕೆ ಮದ್ದು ಸುಲಭ. ಹಲಗೆ ಕಿತ್ತೆಸೆದು ಕಬ್ಬಿಣದ ತಗಡು ಕೂರಿಸಿದರಾಯಿತು. ವೆಲ್ಡಿಂಗ್ ಮಡೆಪ್ಪನಿಗೆ ಹೇಳಿಯೂ ಇಟ್ಟಿದ್ದ. ಆದರೆ ಅವನ ತಾಯಿ ಅಂಬೂಬಾಯಿ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು: "ತಗಡ ಹಾಕಿದ್ರ ನಾ ಬರಂಗಿಲ್ಲ ನೋಡು."

ಆ ಮಾತಿನ ಹಿಂದೆ ಎರಡು ಮಂಡಿಗಳಿದ್ದವು. ಹೋದ ವರ್ಷ ಎರಡಕ್ಕೂ ಆಪರೇಷನ್ ಆಗಿತ್ತು. ನೀರಿನಲ್ಲಿ ಈಜಿದರೆ ಮಂಡಿಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ಅರವತ್ತಮೂರರ ಅಂಬೂಬಾಯಿಯ ಕಣ್ಣಲ್ಲಿ ಔರಾದ ತಾಲೂಕಿನ ಚಿಂತಾಕಿಯ ಭಾವಿ ತುಳುಕಿತು. ತವರಿನ ಆ ಭಾವಿಯಲ್ಲಿ, ಒಣಗಿದ ಕುಂಬಳಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತವರು ಅವರು. ಬುರುಡೆ ಬಿಟ್ಟ ಮೇಲೆ ಕಟ್ಟೆಯಿಂದ ಧುಮುಕಿ, ತಳದ ಮಣ್ಣು ಮುಷ್ಟಿಯಲ್ಲಿ ತಂದು ತೋರಿಸುತ್ತಿದ್ದರಂತೆ. ಮದುವೆಯಾಗಿ ಬೀದರಿಗೆ ಬಂದ ಮೇಲೆ ಅವರ ಪಾಲಿಗೆ ಬಂದದ್ದು ಬಕೆಟ್ಟಿನ ನೀರು. ಈಗ ಭಾವಿಯ ಮೆಟ್ಟಿಲು ಇಳಿಯುವ ಮಂಡಿ ಉಳಿದಿಲ್ಲ. ಮೇಲಾಗಿ ಆಪರೇಷನ್ನಿನ ನಂತರ ಒಮ್ಮೆ ಬಚ್ಚಲಿನ ನುಣುಪು ಟೈಲ್ಸಿನ ಮೇಲೆ ಜಾರಿದ್ದರು. ಪೆಟ್ಟಾಗಲಿಲ್ಲ, ಭಯ ಮಾತ್ರ ಉಳಿದುಹೋಯಿತು. ಅಂದಿನಿಂದ ನುಣ್ಣಗಿನದು ಯಾವುದರ ಮೇಲೂ ಹಸಿ ಪಾದ ಊರುವವರಲ್ಲ. ಕಟ್ಟಿಗೆಯ ಕಟ್ಟೆಯ ಮೇಲೆ ಕೂತು ಜಾರದೆ ನೀರಿಗಿಳಿಯಬಹುದು ಎಂದು ಗೊತ್ತಾದಾಗ ಘೋಷಿಸಿಯೇ ಬಿಟ್ಟರು: "ಶಿವರಾತ್ರಿ ಮುಂಚಿನ ಐತಾರ ನಾ ನೀರಿಗೆ ಇಳಿಯಾಕಿ."

ಅಂದರೆ ಆ ಭಾನುವಾರಕ್ಕೆ ಇನ್ನು ಎರಡು ವಾರ. ಅಷ್ಟರಲ್ಲಿ ಕಟ್ಟಿಗೆ ಗಟ್ಟಿಯಾಗದಿದ್ದರೆ ತಗಡು ಎಂದು ಸಾರಂಗ, ತಗಡಾದರೆ ತಾನಿಲ್ಲ ಎಂದು ಅತ್ತೆ. ಇಬ್ಬರ ನಡುವೆ, ಬೀದರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಸೊಸೆ, "ಮೊದಲ ಅದು ಯಾವ ಕಟ್ಟಿಗಿ ಅಂತ ನೋಡ್ತೇನಿ ತಡೀರಿ" ಎಂದಿದ್ದಳು.

ಮಂಜಿರಿ ಒಂದೊಂದು ಹಲಗೆಯ ತುದಿಯನ್ನೂ ಬ್ಲೇಡಿನಿಂದ ತೆಳ್ಳಗೆ ಅಡ್ಡಡ್ಡ ಹೆರೆದಳು. ಬೂದಿಬಣ್ಣದ ಕೆಳಗೆ ಜೇನಿನಂಥ ಕಂದು ಕಾಣಿಸಿತು. ಹಳೆಯ ಚರ್ಮದ ಚೀಲದಂಥ ವಾಸನೆ ಬಂತು. ಬೆರಳಿಗೆ ಮೇಣದ ಜಿಡ್ಡು. ಮಸೂರ ಕಣ್ಣಿಗೆ ಒತ್ತಿ ಬಾಗಿದಾಗ, ವರ್ಷದ ಪ್ರತಿ ಉಂಗುರದ ಆರಂಭದಲ್ಲೂ ದೊಡ್ಡ ರಂಧ್ರಗಳು ಸಾಲುಗಟ್ಟಿ ನಿಂತದ್ದು ಕಂಡಿತು, ಜರಡಿಯ ಒಂದು ಸಾಲನ್ನು ಕತ್ತರಿಸಿ ಇಟ್ಟಂತೆ. ಮಳೆಗಾಲದ ಮೊದಲ ಬೆಳವಣಿಗೆಯನ್ನು ಮರ ಹೀಗೆ ಬರೆದುಕೊಳ್ಳುತ್ತದೆ. ತೇಗ, ಅನುಮಾನವೇ ಇಲ್ಲ. ಆರು ಹಲಗೆ ಹಾಗೆಯೇ ಇದ್ದವು. ಏಳನೆಯದು, ನೀರಿನ ಕಡೆಯ ಅಂಚಿನದು, ಬೇರೆ. ಅದರಲ್ಲಿ ರಂಧ್ರಗಳು ರಾಗಿ ಚೆಲ್ಲಿದಂತೆ ಎಲ್ಲೆಂದರಲ್ಲಿ ಹರಡಿದ್ದವು. ವಾಸನೆಯಿಲ್ಲ. ಹೆರೆದ ಜಾಗಕ್ಕೆ ಅವಳು ಬಿಟ್ಟ ನೀರಿನ ಹನಿ ಉಳಿದ ಹಲಗೆಗಳ ಮೇಲೆ ಮುತ್ತಾಗಿ ನಿಂತಿತು, ಇದರ ಮೇಲೆ ಕ್ಷಣದಲ್ಲಿ ಇಂಗಿಹೋಯಿತು. ಹೊಡೆದ ಕಬ್ಬಿಣದ ಮೊಳೆಗಳ ಸುತ್ತ ಕಪ್ಪು ಹಬ್ಬಿತ್ತು.

"ಸಾಗವಾನಿ ಅದೋ ಇಲ್ಲೋ?" ಎಂದು ಹಿಂದಿನಿಂದ ಮಾವ ಗುರುನಾಥರು ಕೇಳಿದರು. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ರಿಟೈರಾದರೂ ಧ್ವನಿ ಇನ್ನೂ ಹಿಂದಿನ ಸೀಟಿಗೆ ಕೇಳಿಸುವಷ್ಟು ದೊಡ್ಡದು.

"ಆರು ಸಾಗವಾನಿ ಮಾಮಾ. ಏಳನೇದು ಅಲ್ರಿ. ಯಾರೋ ಆಮ್ಯಾಲ ಹಾಕಿ, ಮ್ಯಾಲ ಬಣ್ಣ ಬಳದಾರ."

"ಮತ್ತ ಅದು ಯಾವುದು?"

"ರಬ್ಬರ್ ಇರಬಹುದು, ಮಾವೂ ಇರಬಹುದು. ಖರೇ ಹೇಳಬೇಕಂದ್ರ ಗೊತ್ತಿಲ್ಲ. ಸಾಗವಾನಿ ಅಲ್ಲ ಅನ್ನೋದಷ್ಟ ಗೊತ್ತು."

ಸಾರಂಗ ನಂಬಲಿಲ್ಲ. ಇದೂ ಗಟ್ಟಿಯೇ ಎನ್ನುತ್ತ ಅದರ ಮೇಲೆ ಹತ್ತಿ ನಿಂತ. ಹಲಗೆ ಎರಡು ಬೆರಳಷ್ಟು ತಗ್ಗಿ, ಲಟ್ಟನೆ ಸದ್ದು ಮಾಡಿತು. ಅವನು ಬೆಕ್ಕಿನಂತೆ ಕೆಳಗೆ ಹಾರಿದ.

"ಏಳು ಮಂದಿಯೊಳಗ ಒಬ್ಬಂವ ಟಿಕೇಟ್ ಇಲ್ದಂವ ಕುಂತಾನ," ಎಂದರು ಗುರುನಾಥರು. "ಇಳಸ್ರಿ ಅವನ್ನ!"

ಇಳಿಸಿದರು. ಅಂದೇ ಮಧ್ಯಾಹ್ನ ಉಳಿದ ಆರನ್ನೂ ಬಿಚ್ಚಿ ನೆಲದ ಮೇಲೆ ಸಾಲಾಗಿಟ್ಟು, ಮಂಜಿರಿ ಬಿಸಿನೀರಿನಲ್ಲಿ ಬಟ್ಟೆ ಸೋಡಾ ಕದಡಿ, ತೆಂಗಿನ ನಾರಿನ ಬ್ರಷ್ಷಿನಿಂದ ಎಳೆಗೆ ಅಡ್ಡವಾಗಿ ತಿಕ್ಕಿದಳು. ವರ್ಷಗಳ ಬೂದಿ ಕರಿನೀರಾಗಿ ಹರಿದು ಮೋರಿ ಸೇರಿತು. ಮೇಲೆ ನಾಲ್ಕಾರು ಬಕೆಟ್ ನೀರು ಸುರಿದಳು. ಒಣಗಿದ ಮೇಲೆ ಸಾರಂಗ ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಬೇಕು ಎಂದಾಯಿತು.

ಏಳನೆಯ ಹಲಗೆ ಹುಡುಕಲು ಮರುದಿನ ಕಾಲೇಜು ಮುಗಿಸಿ ಬೀದರಿನ ಚೌಬಾರಾದ ಹತ್ತಿರವಿರುವ ಸಾಯಿಮಾಳ ಪಾಲಿಶ್ ಅಂಗಡಿಗೆ ಹೋದಳು. ಹಳೆಯ ಮರದ ಸಾಮಾನು ಕೊಂಡು ಪಾಲಿಶ್ ಮಾಡಿ ಮಾರುವ ಆ ಅಂಗಡಿಯನ್ನು ತಂದೆ ಬದ್ರೋದ್ದೀನರ ನಂತರ ಸಾಯಿಮಾಳೇ ನಡೆಸುತ್ತಿದ್ದಳು. ಇಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು.

"ಸಾಗವಾನಿ ತುಂಡು? ಅದ ನೋಡು, ಆ ಮೂಲ್ಯಾಗ," ಎಂದಳು ಸಾಯಿಮಾ. "ಯಾವದೋ ಕಾಲೇಜಿನ ಲ್ಯಾಬ್ ಟೇಬಲ್. ಆ್ಯಸಿಡ್ ಕುಡದು ಕುಡದು ಗಟ್ಟಿ ಆಗ್ಯಾದ."

ಮಂಜಿರಿ ಮಸೂರ ತೆಗೆದಳು.

"ಅರೆ, ನನ್ ಮ್ಯಾಲ ಭರೋಸಾ ಇಲ್ಲೇನ ನಿಂಗ?"

"ನಿನ್ ಮ್ಯಾಲ ಅದ. ಕಟ್ಟಿಗಿ ಮ್ಯಾಲ ಇಲ್ಲ."

ತೇಗವೇ. ಹಲಗೆಯ ಮೇಲೆ ಬರ್ನರ್ ಸುಟ್ಟ ಒಂದು ದುಂಡು ಕಲೆ, ಅಂಚಿನಲ್ಲಿ ಯಾವನೋ ವಿದ್ಯಾರ್ಥಿ ಡಿವೈಡರಿನ ಮೊನೆಯಿಂದ ಕೆತ್ತಿದ 'ಶಿವಕಾಂತ' ಎಂಬ ಹೆಸರು. ಅಳತೆಗೆ ಕೊಯ್ದು, ಚೂರು ಹೆರೆದು ಕೊಡಲು ಸಾಯಿಮಾ ಒಪ್ಪಿದಳು. ಈಜುಕಟ್ಟೆಯ ಕಥೆಯನ್ನೆಲ್ಲ ಕೇಳಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಈಗ ಹೇಳು. ಚಮಕ್ ಬೇಕೋ, ಪಕಡ್ ಬೇಕೋ? ವಾರ್ನಿಶ್ ಹಚ್ಚಿದ್ರ ಕನ್ನಡಿ ಹಂಗ ಮಾರಿ ಕಾಣ್ತದ. ಒದ್ದಿ ಕಾಲ ಇಟ್ರ ನಿಮ್ಮತ್ತಿ, ನನ್ ಖಾಲಾ, ಸೀದಾ ನೀರಾಗ."

"ಪಕಡ್. ಕಾಲಿಗೆ ಹಿಡಿತ ಬೇಕು. ಅಗಸಿ ಎಣ್ಣಿ ಹಚ್ಚೋಣ ಅಂತ ನಾನೂ ಅಂದ್ಕೊಂಡೇನಿ."

"ಬರಾಬರ್. ಕಾಸಿದ್ದು ನನ್ ಹತ್ರ ಅದ. ತೆಳ್ಳಗ ಹಚ್ಚಬೇಕು, ಒರಸಬೇಕು, ಒಣಗಸಬೇಕು. ದಪ್ಪ ಹಚ್ಚಿದ್ರ ಗೋಂದ್ ಆಗ್ತದ."

ಬುಧವಾರ ಸಾಯಿಮಾಳ ಹಲಗೆಯೂ ಬಂದು, ಸ್ಟೀಲ್ ಬೋಲ್ಟುಗಳ ಮೇಲೆ ಏಳೂ ಕೂತವು. ಶನಿವಾರ ಎಣ್ಣೆಯ ಮೊದಲ ಕೈ ಎಂದು ನಿಗದಿಯಾಯಿತು. ಎಲ್ಲ ಸುಸೂತ್ರವಾಗಿತ್ತು. ಶುಕ್ರವಾರ ಪಾಠದ ನಡುವೆ ಮಂಜಿರಿಯ ಫೋನು ಎರಡು ಸಲ ಗುಂಯ್‌ಗುಟ್ಟಿತು. ಹೊರಗೆ ಬಂದು ಎತ್ತಿದಳು.

"ಲಗೂನ ಬಾ," ಸಾರಂಗನ ಧ್ವನಿ ಸಣ್ಣದಾಗಿತ್ತು. "ಆಯಿ ಅಳ್ಲತ್ತಾಳ. ನೀರಿಗ್ ಇಳಿಯಂಗಿಲ್ಲ ಅಂತಾಳ."

ಭಾಲ್ಕಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅತ್ತೆ ಸೆರಗು ಬಾಯಿಗೊತ್ತಿ ಕೂತಿದ್ದರು. ಗುರುನಾಥರು ಮೊದಲ ಸಲ ಮೆಲ್ಲಗೆ ಮಾತಾಡುತ್ತಿದ್ದರು. ಬಾಗಿಲಲ್ಲಿ ವೆಲ್ಡಿಂಗ್ ಮಡೆಪ್ಪ ಟೇಪು ಹಿಡಿದು ನಿಂತಿದ್ದ. ಸಾರಂಗ ಆಗಲೇ ಅವನನ್ನು ಕರೆಸಿದ್ದ.

ಆದದ್ದು ಇಷ್ಟು. ಮನೆಗೆ ಸೈಕಲ್ಲು ಬಂದರೂ ಸರಿ, ಟ್ರ್ಯಾಕ್ಟರು ಬಂದರೂ ಸರಿ, ಅರಿಶಿಣ ಹಚ್ಚದೆ ಅಂಬೂಬಾಯಿ ಅದನ್ನು ಹೊಸ್ತಿಲು ದಾಟಿಸಿದವರಲ್ಲ. ದೋಣಿ ಮಾತ್ರ ಹೇಗೆ ತಪ್ಪಿಸಿಕೊಂಡೀತು? ಎಣ್ಣೆ ಹಚ್ಚಿದ ಮೇಲೆ ಅರಿಶಿಣ ಹಿಡಿಯಲಿಕ್ಕಿಲ್ಲ, ಸೊಸೆಗೆ ಹೇಳಿದರೆ ಬೇಡ ಅಂದಾಳು ಎಂದು ಯೋಚಿಸಿ, ಗಂಡನನ್ನು ಜೊತೆ ಮಾಡಿಕೊಂಡು ಸದ್ದಿಲ್ಲದೆ ಬಂದಿದ್ದರು. ಅರಿಶಿಣ ನೀರಿನಲ್ಲಿ ಕಲಸಿ, ಏಳೂ ಹಲಗೆಗೆ ಐದೈದು ಬೆರಳು ಎಳೆದು, ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ತೆರೆದಾಗ ಅರಿಶಿಣ ಕೆಂಪಗಾಗಿತ್ತು. ರಕ್ತದ ಹಾಗೆ.

"ನೀರವ್ವ ಒಲ್ಲೆ ಅಂದ್ಳು, ಯವ್ವಾ," ಎಂದರು ಅಂಬೂಬಾಯಿ. "ಈ ವಯಸ್ಸಿನಾಗ ನಂಗ್ಯಾಕ ಬೇಕಿತ್ತು ಈ ಹುಚ್ಚು. ತಗಡರ ಹಾಕ್ರಿ, ಏನರ ಮಾಡ್ರಿ. ನಾ ಮನಿಗ್ ಹೋಗ್ತೇನಿ."

ಮಂಜಿರಿ ಕಟ್ಟೆಯ ಬಳಿ ಹೋದಳು. ಅವಳೂ ಹೆದರಿದಳು, ಆದರೆ ಬೇರೆ ಕಾರಣಕ್ಕೆ. ಅರಿಶಿಣ ಕೆಂಪಾಗಿದೆ ಎಂದರೆ ಕಟ್ಟಿಗೆಯಲ್ಲಿ ಕ್ಷಾರ ಉಳಿದಿದೆ. ಅವಳ ಸೋಡಾ! ನಾಲ್ಕಾರು ಬಕೆಟ್ ನೀರು ಸಾಕೆಂದುಕೊಂಡವಳು ಅವಳೇ. ಅದೇ ಮರದ ಮೇಲೆ ಎಣ್ಣೆ ಹಚ್ಚಿದ್ದರೆ ಎಣ್ಣೆ ಮರಕ್ಕೆ ಹಿಡಿಯುವ ಬದಲು ಒಳಗೇ ಸಾಬೂನಾಗುತ್ತಿತ್ತು. ನೀರು ತಾಗಿದೊಡನೆ ಜಾರುತ್ತಿತ್ತು. ಹಸಿ ಪಾದ, ಸಾಬೂನು, ಎರಡು ಹೊಸ ಮಂಡಿ.

ಆದರೆ ಕ್ಷಾರ, ಸೂಚಕ ಎಂದು ಪಾಠ ಶುರುಮಾಡಿದರೆ ಅತ್ತೆ ಎದ್ದು ಬಸ್ ಸ್ಟ್ಯಾಂಡಿಗೆ ನಡೆದುಬಿಡುತ್ತಾರೆ. ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅತ್ಯಾ, ಒಂದು ಕೇಳ್ತೇನಿ. ಏಳೂ ಹಲಗಿ ಕೆಂಪ ಆಗ್ಯಾವೇನ್ರಿ?"

ಅಂಬೂಬಾಯಿ ಸೆರಗು ಸರಿಸಿ ನೋಡಿದರು. ಅಂಚಿನ ಹಲಗೆಯ ಮೇಲೆ, ಶಿವಕಾಂತನ ಹೆಸರಿನ ಪಕ್ಕ, ಐದು ಬೆರಳುಗಳು ಹಳದಿಯಾಗಿಯೇ ಇದ್ದವು.

"ಅದೊಂದ ಆಗಿಲ್ಲ."

"ಅದೊಂದಕ್ಕ ನಾ ಸೋಡಾ ಹಚ್ಚಿ ತಿಕ್ಕಿಲ್ರಿ. ಆಮ್ಯಾಲ ಬಂದದ್ದು ಅದು. ನೀವು ಚಿಂತಾಕ್ಯಾಗ ಮನ್ಯಾಗ ಕುಂಕುಮ ಮಾಡ್ತಿದ್ರಿ ಅಂದಿದ್ರಲ್ಲ, ಹ್ಯಾಂಗ ಮಾಡ್ತಿದ್ರಿ?"

"ಅರಿಶಿಣಕ್ಕ ಸುಣ್ಣದ ನೀರು ಹಾಕಿ..." ಅಂಬೂಬಾಯಿ ತಡೆದರು. ಸೆರಗು ಬಾಯಿಂದ ಇಳಿಯಿತು. "ಅಯ್ಯ! ಸೋಡಾಕ್ಕೂ ಆಗ್ತದೇನ ಹಂಗ?"

"ಆಗ್ತದರಿ. ನೀವು ಅರಿಶಿಣ ಹಚ್ಚೀರಿ, ನನ್ ಸೋಡಾ ಕುಂಕುಮ ಮಾಡ್ಯಾದ. ಎರಡೂ ಹಚ್ಚಿದಂಗ ಆಯ್ತು."

ಗುರುನಾಥರು ಹೋ ಎಂದು ನಕ್ಕರು. ಅಂಬೂಬಾಯಿ ನಗಲಿಲ್ಲ. "ಮಾತಿಲೆ ಮರಳ ಮಾಡ್ಬ್ಯಾಡ. ತೋರಸು."

ಸೋಡಾಕ್ಕೆ ಹುಳಿಯೇ ಮದ್ದು. ಸಾರಂಗನನ್ನು ಕಿರಾಣಿ ಅಂಗಡಿಗೆ ಓಡಿಸಿ ಮಂಜಿರಿ ಹುಣಸೆಹಣ್ಣು ತರಿಸಿದಳು. ನೀರಿನಲ್ಲಿ ಕಿವುಚಿದ ಹುಳಿಯನ್ನು ಅತ್ತೆಯ ಮುಂದೆಯೇ ಹಿಡಿದಳು. ಅಂಬೂಬಾಯಿ ಎದ್ದು ಬಂದು, ಹಿತ್ತಾಳೆ ಕೊಡ ಬೆಳಗುವವರಂತೆ, ಒಂದು ಕೆಂಪು ಗೆರೆಯ ಮೇಲೆ ಹುಳಿ ಹಾಕಿ ತಿಕ್ಕಿದರು. ಕೆಂಪು ಕಂದಾಯಿತು, ಕಂದು ಮಾಸಿತು, ಬೆರಳ ಕೆಳಗೆ ಮತ್ತೆ ಹಳದಿ ಮೂಡಿತು. ಎರಡನೆಯ ಗೆರೆ. ಮೂರನೆಯದು. ನಾಲ್ಕನೆಯ ಹಲಗೆಗೆ ಬರುವಷ್ಟರಲ್ಲಿ ಅವರು ಸೊಸೆಯನ್ನು ಪಕ್ಕಕ್ಕೆ ಸರಿಸಿ, ಸೀರೆ ಎತ್ತಿ ಸಿಕ್ಕಿಸಿ, ಇಡೀ ಕಟ್ಟೆಯನ್ನು ತಾವೇ ತಿಕ್ಕತೊಡಗಿದ್ದರು.

"ತಪ್ಪು ನಂದರಿ ಅತ್ಯಾ," ಎಂದಳು ಮಂಜಿರಿ. "ನೀವು ಅರಿಶಿಣ ಹಚ್ಚದಿದ್ರ ನಂಗ ಗೊತ್ತ ಆಗ್ತಿರ್ಲಿಲ್ಲ. ಎಣ್ಣಿ ಕೆಡ್ತಿತ್ತು, ನೀವು ಜಾರ್ತಿದ್ರಿ."

"ಹಂಗಾದ್ರ ನೀರವ್ವನೇ ನಿನ್ ಸೋಡಾ ಹಿಡಕೊಟ್ಟಾಳ," ಎಂದರು ಅಂಬೂಬಾಯಿ, ತಿಕ್ಕುವುದು ನಿಲ್ಲಿಸದೆ. ಮಂಜಿರಿ ಬಕೆಟ್ ಹಿಡಿದು, ತಿಕ್ಕಿದ ಕಡೆಯೆಲ್ಲ ನೀರು ಸುರಿಯುತ್ತ ಹೋದಳು.

ಬಾಗಿಲಲ್ಲಿ ಮಡೆಪ್ಪ ಕೆಮ್ಮಿದ. "ಅಣ್ಣಾ, ನಾ ಅಳತಿ ತಗೋಬೇಕೋ, ಹುಣಸಿಹಣ್ಣ ಕಿವಚಬೇಕೋ?"

"ನೀ ಚಾ ಕುಡದು ಹೋಗಪಾ," ಎಂದ ಸಾರಂಗ.

ಮರುದಿನ ಒಣಗಿದ ಹಲಗೆಗೆ ಮಂಜಿರಿ ಒಂದು ಚಿಟಿಕೆ ಅರಿಶಿಣವನ್ನು ನೀರಲ್ಲಿ ಕಲಸಿ, ಯಾರಿಗೂ ಕಾಣದ ಕೆಳಬದಿಯಲ್ಲಿ ಆರು ಕಡೆ ಹಚ್ಚಿ ನೋಡಿದಳು. ಆರೂ ಹಳದಿ. ಎಣ್ಣೆಯ ಕೆಲಸ ಅವತ್ತೇ ಶುರುವಾಯಿತು. ಸಾಯಿಮಾ ಭಾನುವಾರ ತಾನೇ ಬಂದು ಕೈ ತೋರಿಸಿದಳು. ಹಲಗೆಗಳ ಮೇಲೆ ಉಳಿದಿದ್ದ ಅಂಬೂಬಾಯಿಯ ಹಳದಿ ಬೆರಳ ಗುರುತುಗಳನ್ನು ಕಂಡು ಪಾಲಿಶ್ ಪೇಪರ್ ಕೈಗೆತ್ತಿಕೊಂಡಳು. ಮಂಜಿರಿ ತಡೆದಳು.

"ಬಿಡು. ಬಿಸಿಲಿಗೆ ಅರಿಶಿಣ ನಿಲ್ಲಂಗಿಲ್ಲ. ತಾನ ಹೋಗ್ತದ."

"ಹೋಗೋತನಕ ಇರಲಿ," ಎಂದರು ಅಂಬೂಬಾಯಿ ಕುರ್ಚಿಯಿಂದ. ಅಗಸೆ ಎಣ್ಣೆಯ ವಾಸನೆ ಅವರ ಮೂಗಿಗೆ ಬಡಿದಿತ್ತು. "ನಾವು ಚಟ್ನಿ ಮಾಡ್ಕೊಂಡು ತಿನ್ನೋ ಅಗಸಿ. ಹಲಗಿಗೆ ರೊಟ್ಟಿನೂ ಕೊಡ್ರಿ ಜೋಡಿಗೆ."

ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದ ಎಣ್ಣೆಯನ್ನೆಲ್ಲ ಒರೆಸಿ, ಒಂದು ದಿನ ಒಣಗಲು ಬಿಡುವುದು. ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆಯಲು ಹೊರಟ ಸಾರಂಗನ ಕೈಯಿಂದ ಮಂಜಿರಿ, ಸಾಯಿಮಾ ಇಬ್ಬರೂ ಒಟ್ಟಿಗೇ ಕಿತ್ತುಕೊಂಡರು. ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯಾಗಿದ್ದರೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅವು ತಂತಿಯ ಮೇಲೆ ಒಂದೊಂದಾಗಿ ಹರಡಿಕೊಂಡವು. ಪ್ರತಿ ಕೈಗೂ ಮರದ ಬಣ್ಣ ಆಳವಾಯಿತು. ಉಂಗುರಗಳು ಒಂದೊಂದಾಗಿ ಎದ್ದು ಬಂದವು. ನಾಲ್ಕನೆಯ ಕೈ ಒಣಗಿದ ದಿನ ಸಾರಂಗ ಒದ್ದೆ ಮಾಡಿದ ಅಂಗೈಯನ್ನು ಅದರ ಮೇಲೆ ಒತ್ತಿ ಎಳೆದು ನೋಡಿದ. ಅಂಗೈ ಜಾರಲಿಲ್ಲ, ತಡೆಯಿತು. ಹೊಳಪೂ ಇರಲಿಲ್ಲ. "ಚಂದ ಆಗ್ಯಾದ," ಎಂದ. ತಗಡಿನ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಗುರುನಾಥರಿಗೆ ಒಂದೇ ಅನುಮಾನ ಉಳಿದಿತ್ತು. "ಆ ಶಿವಕಾಂತ ತಡೀತಾನೇನ? ಪಾಸಾದಂವೋ ಫೇಲಾದಂವೋ ಯಾರಿಗ್ ಗೊತ್ತು."

ಹಾಗಾಗಿ ಮಂಜಿರಿ ಕಟ್ಟೆಯ ಎರಡು ತುದಿಗೆ ದಾರ ಬಿಗಿದು, ಅಂಚಿನ ಹಲಗೆಯ ನಡುವೆ ಒಂದು ಸ್ಟೀಲ್ ಸ್ಕೇಲನ್ನು ನೆಟ್ಟಗೆ ಅಂಟಿಸಿದಳು. ಹಲಗೆ ಬಾಗಿದರೆ ಸ್ಕೇಲು ದಾರದ ಹಿಂದೆ ಇಳಿಯುತ್ತದೆ. ಆರು ಮಿಲಿಮೀಟರಿನ ಒಳಗಿದ್ದರೆ ಚಿಂತೆಯಿಲ್ಲ ಎಂದು ಲೆಕ್ಕ ಹಾಕಿ ಹೇಳಿದಳು.

ಶಿವರಾತ್ರಿಯ ಮುಂಚಿನ ಐತಾರ ಹಿನ್ನೀರು ಗಾಳಿಯಿಲ್ಲದೆ ಮಲಗಿತ್ತು. ದಂಡೆಯಿಂದ ಸ್ವಲ್ಪ ದೂರ ಹೋಗಿ ಸಾರಂಗ ಎಂಜಿನ್ ನಿಲ್ಲಿಸಿ ಲಂಗರು ಇಳಿಸಿದ. ಅಂಬೂಬಾಯಿ ಸೊಸೆಯ ಹಳೆಯ ಚೂಡಿದಾರ ತೊಟ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ಬಿಗಿದುಕೊಂಡಿದ್ದರು.

"ಖಾಲಾ, ಹೀರೋಯಿನ್ ಕಂಡಂಗ ಕಾಣ್ಲತ್ತೀರಿ," ಎಂದಳು ಜೊತೆಗೆ ಬಂದಿದ್ದ ಸಾಯಿಮಾ.

"ಕುಂಬಳಬುರುಡಿಗೆ ಬಣ್ಣ ಹಚ್ಚಿ ಕೊಟ್ಟಾರ," ಎಂದು ಜಾಕೆಟ್ಟಿಗೆ ಬಡಿದುಕೊಂಡರು ಅವರು. ನಗುತ್ತಿದ್ದರೂ ಕೈ ಮಂಜಿರಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಬಲಗಾಲಿನ ಬೆರಳು ಮೊದಲು ಹಲಗೆಗೆ ತಾಗಿತು. ಹಿಂದೆ ಸರಿಯಿತು. ಮತ್ತೆ ತಾಗಿತು. ಬಿಸಿಲು ಏರಿದ್ದರೂ ಕಟ್ಟಿಗೆ ಸುಡುತ್ತಿರಲಿಲ್ಲ, ಹನಿ ಬಿದ್ದಿದ್ದರೂ ಜಾರುತ್ತಿರಲಿಲ್ಲ. ಪಾದ ಪೂರ್ತಿ ಊರಿತು. ಮೆಲ್ಲಗೆ ಕೂತು, ಮಾಸುತ್ತಿದ್ದ ತಮ್ಮದೇ ಹಳದಿ ಬೆರಳುಗಳ ಪಕ್ಕ ಕೈಯೂರಿ, ಎರಡೂ ಕಾಲು ನೀರಿಗೆ ಬಿಟ್ಟರು.

"ತಣ್ಣಗ ಅದ," ಎಂದರು. ಮಣಿಕಟ್ಟು ಬಿಟ್ಟರು.

"ರೈಟ್!" ಎಂದು ಗುರುನಾಥರು ದೋಣಿಯ ಬದಿಯನ್ನು ಬಡಿದರು. ಅದರ ಸದ್ದಿಗೆ ದಂಡೆಯ ಕೊಕ್ಕರೆಗಳು ಎದ್ದವು. ಅಷ್ಟರಲ್ಲಿ ಅಂಬೂಬಾಯಿ ನೀರಿಗಿಳಿದಿದ್ದರು.

ಮೊದಲು ಕೈಗಳು ಅಡ್ಡಾದಿಡ್ಡಿ ಬಡಿದವು. ಮಂಜಿರಿ ಇಳಿಯಲು ಸಿದ್ಧಳಾಗಿ ಬಾಗಿದಳು. ಆಮೇಲೆ ನಲವತ್ತು ವರ್ಷ ಎಲ್ಲೋ ಮಡಚಿಟ್ಟಿದ್ದ ಚಿಂತಾಕಿಯ ಭಾವಿ ಆ ಕೈಗಳಿಗೆ ವಾಪಸು ಬಂತು. ಅವು ನೀರನ್ನು ಹಿಡಿದು ಹಿಂದೆ ತಳ್ಳಿದವು, ಮತ್ತೆ ಹಿಡಿದವು. ಕಿತ್ತಳೆ ಬಣ್ಣ ದೋಣಿಯ ಸುತ್ತ ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ಮಲಗಿ, ಮುಖ ಆಕಾಶಕ್ಕೆ ಕೊಟ್ಟು, "ಸಾರಂಗಾ, ನಿಮ್ಮಪ್ಪಗ ಹೇಳು, ನಾ ಈಗ ಔರಾದಕ್ಕ ಹೊಂಟೇನಿ ಅಂತ!" ಎಂದು ಕೂಗಿದರು.

"ಟಿಕೇಟ್ ತಗಿಸಿಲ್ಲ ನೀ, ವಾಪಸ್ ಬಾ!" ಎಂದರು ಗುರುನಾಥರು. ಅವರ ಕಣ್ಣು ಒದ್ದೆಯಾಗಿತ್ತು, ನೀರು ಸಿಡಿದಿದ್ದಕ್ಕೆ ಎಂದು ಒರೆಸಿಕೊಂಡರು.

ಮಂಡಿಗೆ ಕಷ್ಟದ್ದು ಹತ್ತುವುದು. ಅಂಬೂಬಾಯಿ ಏಣಿ ಹಿಡಿದರು, ಒಂದು ಮೆಟ್ಟಿಲು, ಇನ್ನೊಂದು. ಅಂಚಿನ ಹಲಗೆಯ ಮೇಲೆ ನೀರು ಸುರಿಯುತ್ತಿದ್ದ ಎಡಪಾದ, ಆಮೇಲೆ ಬಲಪಾದ. ಮಂಜಿರಿ ಕೈ ನೀಡಿದಳು. ಅವರು ಹಿಡಿಯಲಿಲ್ಲ. ಶಿವಕಾಂತನ ಹೆಸರಿನ ಮೇಲೆ ನೆಟ್ಟಗೆ ನಿಂತು, ಜಡೆ ಹಿಂಡಿಕೊಂಡರು.

"ಏನಂತಾನ ನಿನ್ ಶಿವಕಾಂತ?" ಎಂದು ಕೇಳಿದರು. "ಎಷ್ಟ ಬಾಗ್ಯಾನ?"

ಮಂಜಿರಿ ಮಂಡಿಯೂರಿ, ದಾರ ಮುಟ್ಟಿದ ಗೆರೆಯನ್ನು ಎರಡು ಸಲ ನೋಡಿ ಹೇಳಿದಳು.

ನಾಲ್ಕು ಮಿಲಿಮೀಟರ್.